ಕೂಗಿನ ಉಳಿದರ್ಧ

"ಹಿಂಗೇನಾ ಸರ್?"

ಹಿಂಗಲ್ಲ. ಮೊದಲ ಎಳೆ ಎಳೆಯುತ್ತಿದ್ದಂತೆಯೇ ಪ್ರಭುಲಿಂಗನಿಗೆ ಗೊತ್ತಾಗಿತ್ತು. ಆದರೆ ಹೇಗೆ ಎಂದು ತೋರಿಸಬೇಕಾದರೆ ಬಾಯಿ ತೆರೆದು ಕೂಗಬೇಕು. ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು, ನಾಲ್ಕು ಜನರ ಎದುರಿಗೆ ಕುರಿ ಕರೆಯುವುದೆಂದರೆ ಹೇಗೆ?

"ಸರಿಯಾಗೇ ಇದೆ," ಎಂದ.

ಹಾಡುವ ಸುಮಾಳಿಗೆ ಸಮಾಧಾನವಾಗಲಿಲ್ಲ. "ಒಂದ್ಸಲ ನೀವೇ ಕೂಗಿ ತೋರಿಸಿಬಿಡ್ರಿ ಸರ್. ಬರೆದದ್ದನ್ನ ನೋಡಿ ನಾನು ಎಷ್ಟಂತ ಊಹೆ ಮಾಡ್ಲಿ?"

"ಗಂಟಲು ಸರಿಯಿಲ್ಲ."

ಹಾರ್ಮೋನಿಯಂ ಮುಂದೆ ಕೂತಿದ್ದ ಜಯಕುಮಾರ್ ನಕ್ಕ. ರಾಗ ಹಾಕಿದವನು ಅವನೇ. "ಕವಿಗಳ ಗಂಟಲು ಯಾವತ್ತು ಸರಿಯಿರ್ತೈತೆ ಬಿಡಮ್ಮ. ಅವ್ರು ಬರ್ದು ಬಿಸಾಕ್ತಾರೆ, ಕಿರುಚೋರು ನಾವು." ಆಮೇಲೆ ಪ್ರಭುಲಿಂಗನ ಕಡೆ ತಿರುಗಿ, "ಆ ನಾಲಿಗೆ ಉರುಳಿಸೋದೈತಲ್ಲ ಸರ್, ಅದು ರಾಗಕ್ಕೆ ಒಗ್ಗಲಿಲ್ಲ, ಕೈಬಿಟ್ಟೀವಿ. ನಡುವೆ ಸುಮ್ನಿರಬೇಕು ಅಂತ ಚುಕ್ಕಿ ಇಟ್ಟಿದ್ರಿ ನೋಡ್ರಿ, ಅಲ್ಲಿ ಕೊಳಲು ತುಂಬೀವಿ. ಖಾಲಿ ಬಿಟ್ರೆ ಹಾಡೋರು ಮರ್ತ್ರು ಅಂತ ಜನ ತಿಳ್ಕಂತಾರೆ."

"ಹೌದೌದು," ಎಂದ ಪ್ರಭುಲಿಂಗ. ಕಾಫಿ ಆರಿತ್ತು. ಕುಡಿದ.

ಸುಮಾ ಕಣ್ಣು ಮುಚ್ಚಿ ಮತ್ತೆ ಹಾಡಿದಳು. ಬಂಡೆಯ ನೆರಳು ಬಯಲಿಗೆ ಬಿತ್ತು, ಗಂಟೆಯ ಸದ್ದು ಎಲ್ಲಿ, ಹೂರಾ... ಕೊಳಲು ಬಂತು, ಸಣ್ಣ ತೊರೆಯ ಹಾಗೆ ಹರಿಯಿತು, ಹೋಯಿತು. ಬಾವ್ವಾ ಬಾ. ಚೆನ್ನಾಗಿತ್ತು. ಅದೇ ತೊಂದರೆ, ಬಹಳ ಚೆನ್ನಾಗಿತ್ತು.

ಮೇ ತಿಂಗಳಲ್ಲಿ ದುರ್ಗದ ಬಂಡೆಗಳು ಹಗಲೆಲ್ಲ ಬಿಸಿಲು ನುಂಗಿ ಇರುಳೆಲ್ಲ ಉಸಿರು ಬಿಡುತ್ತವೆ. ಮನುಷ್ಯರಾದವರು ನೆರಳು ಹುಡುಕಿಕೊಂಡು ಮಲಗುವ ಅಂಥ ಕಾಲದಲ್ಲೇ ಶಿವಕುಮಾರಪ್ಪನವರಿಗೆ ಹಾಡಿನ ಹುಚ್ಚು ಏರುವುದು. ಬಟ್ಟೆ ಅಂಗಡಿಯನ್ನು ಮಕ್ಕಳ ಕೈಗೆ ಕೊಟ್ಟು, ಕೋಟೆ ರಸ್ತೆಯ ತಮ್ಮ ಮನೆಯ ಹಿಂದಿನ ಹಾಲಿನಲ್ಲಿ ಪ್ರತಿ ಬೇಸಿಗೆ ಅವರು ಬೈಠಕ್ ನಡೆಸುತ್ತಾರೆ. ದೊಡ್ಡ ಸ್ಪೀಕರಿಲ್ಲ, ಹಾರ ತುರಾಯಿ ಕಡಿಮೆ. ಒಂದು ಪೆಟ್ಟಿಗೆ, ಒಂದು ತಬಲಾ, ಒಂದು ಕೊಳಲು, ಹಾಡುವವರೊಬ್ಬರು. ದಿನಕ್ಕೊಬ್ಬ ಕವಿ. ಕವಿ ಎದುರಿಗೇ ಕೂತಿರಬೇಕು. ಕವಿತೆ ಹಾಡಾಗುವುದನ್ನು ಹೆತ್ತವನು ಕಣ್ಣಾರೆ ನೋಡಬೇಕು ಎಂಬುದು ಅವರ ಹಟ.

ಇವತ್ತಿನ ಹೆತ್ತವನು ಪ್ರಭುಲಿಂಗ. ಹೊಸದುರ್ಗದ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಕೊಬ್ಬರಿ ಮಂಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ವಾಸ. ದಾವಣಗೆರೆಯ ಬ್ಯಾಂಕಿನಲ್ಲಿರುವ ಹೆಂಡತಿ ಸುಚಿತ್ರಾಳಿಗೆ ಆಹ್ವಾನ ಕಳಿಸಿದ್ದ. ಅವಳು ಹೆಬ್ಬೆರಳಿನ ಚಿತ್ರ ಕಳಿಸಿದ್ದಳು. ಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದವನು ಈಗ ಹಬ್ಬಕ್ಕೆ ಹೋಗುತ್ತಾನೆ. ಜಗಳವೇನೂ ಇಲ್ಲ. ಜಗಳವಾಡಬೇಕಾದರೂ ಒಬ್ಬರಿಗೊಬ್ಬರು ಎದುರಿಗಿರಬೇಕಲ್ಲ.

ಅವನ ಅಪ್ಪ ಮಾರಣ್ಣ ಕುರಿ ಕಾಯ್ದವನು. ಮಾತು ಕಡಿಮೆ. ಮಗ ಎಂ.ಎ. ಪಾಸಾದಾಗ "ಊಂ" ಎಂದಿದ್ದ. ಆದರೆ ಅವನಿಗೊಂದು ಕೂಗಿತ್ತು. ಆ ಸೀಮೆಯಲ್ಲಿ ಮನೆಗೊಂದು ಕೂಗು. ಒಂದು ಮನೆಯ ಕುರಿ ಇನ್ನೊಂದು ಮನೆಯ ಕೂಗಿಗೆ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಅಪ್ಪನ ಕೂಗು ಹೊಟ್ಟೆಯ ತಳದಲ್ಲಿ ಹುಟ್ಟಿ, ನಾಲಿಗೆಯ ಮೇಲೆ ಉರುಳಿ, ಅಲ್ಲಿಗೆ ನಿಲ್ಲುತ್ತಿತ್ತು. ಉಸಿರು ಸಾಲದೆ ನಿಲ್ಲುವುದಲ್ಲ, ಕಾಯುವುದು. ಕೊರಳಿಗೆ ಗಂಟೆ ಕಟ್ಟಿದ ಕುರಿ ಎಲ್ಲಿದ್ದರೂ ಅಲ್ಲಿಂದ 'ಬ್ಯಾ' ಎನ್ನಬೇಕು. ಅದು ಅಂದ ಮೇಲೆಯೇ ಉಳಿದರ್ಧ ಕೂಗುವುದು, ಆಗಲೇ ಹಿಂಡು ತಿರುಗುವುದು. ಉತ್ತರ ಬಾರದೆ ಉಳಿದರ್ಧ ಕೂಗಬಾರದು. ಕೂಗಿದರೆ ಕುರಿ ತೋಳನ ಕಡೆಗೆ ಮುಖ ಮಾಡುತ್ತವೆ ಎಂದು ಅಪ್ಪ ಒಮ್ಮೆ ಹೇಳಿದ್ದ. ಅವನು ಮಗನಿಗೆ ಹೇಳಿದ ಅತಿ ಉದ್ದದ ಮಾತು ಅದೇ ಇರಬೇಕು.

ಅಪ್ಪ ಸತ್ತ ವರ್ಷ ಹಿಂಡನ್ನು ಇಡಿಯಾಗಿ ಮಾರಿದರು. ಇಡಿಯಾಗಿ ಮಾರುವಾಗ ಕೂಗನ್ನೂ ಕೊಡಬೇಕು, ಅದು ಪದ್ಧತಿ. ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತು ಮಾರುವ ಮನೆಯ ಗಂಡಾಳು ಮೊದಲರ್ಧ ಕೂಗುತ್ತಾನೆ. ಗಂಟೆಕುರಿ ಓಗೊಡುತ್ತದೆ. ಉಳಿದರ್ಧವನ್ನು ಕೊಳ್ಳುವವನು ಕೂಗಿ, ಎಲೆ ಅಡಿಕೆ ತಗೊಂಡು, ಹಿಂಡು ಹೊಡೆದುಕೊಂಡು ಹೋಗುತ್ತಾನೆ. ಅಲ್ಲಿಂದಾಚೆಗೆ ಆ ಮನೆಗೆ ಕೂಗಿಲ್ಲ.

ಆವತ್ತು ಎಲ್ಲರೂ ಪ್ರಭುಲಿಂಗನ ಮುಖ ನೋಡಿದರು. ಪ್ರಭುಲಿಂಗ ಮೊಬೈಲ್ ನೋಡಿದ. ಕಡೆಗೆ ಅಕ್ಕ ಗಂಗಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಕೂಗಿದಳು. ಹೆಂಗಸು ಕೂಗುವುದುಂಟೇ ಎಂದು ಯಾರೂ ಅನ್ನಲಿಲ್ಲ. ಗಂಟೆಕುರಿ ಓಗೊಟ್ಟಿತು. ಕೊಂಡುಕೊಂಡ ಓಬಯ್ಯ ಉಳಿದದ್ದನ್ನು ಕೂಗಿದ. ಧೂಳೆದ್ದಿತು, ಅಡಗಿತು.

ಆ ವಾರವೇ ಕೊಬ್ಬರಿ ವಾಸನೆಯ ಕೋಣೆಯಲ್ಲಿ ಕೂತು ಪ್ರಭುಲಿಂಗ ಪದ್ಯ ಬರೆದ. ಬಾಗಿಲಲ್ಲಿ ನಿಂತು ಕೂಗಲಾಗದವನಿಗೆ ಕಾಗದದ ಮೇಲೆ ಕೂಗುವುದು ಕಷ್ಟವಾಗಲಿಲ್ಲ. ನಾಲ್ಕು ಜನ ಮೆಚ್ಚಿದರು. ಆದರೆ ಅವನಿಗೆ ಬೇಕಾದದ್ದು ಪದ್ಯವಾಗಿರಲಿಲ್ಲ. ಅಕ್ಷರಕ್ಕೆ ಸಿಗದ ಆ ದನಿ ಅವನ ತಲೆಯೊಳಗೆ ಇದ್ದಂತೆಯೇ ಇತ್ತು. ಕ್ಲಾಸಿಗೆ ನಡೆಯುವಾಗ, ನಿದ್ದೆ ಬಾರದಾಗ, ಬಾಯಿ ಮುಚ್ಚಿಕೊಂಡೇ ಅದನ್ನೊಮ್ಮೆ ಒಳಗೆ ಕೂಗಿಸಿ ಕೇಳುತ್ತಿದ್ದ. ಇದ್ದದ್ದು ಅದೊಂದೇ. ಅದು ಇದೆ ಎಂಬ ಧೈರ್ಯದಲ್ಲಿ ಬೇರೆಯದೆಲ್ಲ ಹೋಗುತ್ತಿದ್ದರೂ ನೋಡುತ್ತ ಕೂತಿದ್ದ.

ತಾಲೀಮು ಮುಗಿದ ಮೇಲೆ ತಾರಸಿಗೆ ಹೋದ. ಕೋಟೆಯ ಬಂಡೆಗಳು ಬೆಳ್ಳಗೆ ಕಾದಿದ್ದವು. ದೂರದ ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳು ಮನಸ್ಸಿಲ್ಲದ ಮನಸ್ಸಿನಿಂದ ತಿರುಗುತ್ತಿದ್ದವು. ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಬಾಯಿ ತೆರೆದ.

ಬಂದದ್ದು ಸುಮಾಳ ದನಿ. ಅವಳ ಹೂರಾ, ಅವಳ ಎಳೆತ. ನಿಲ್ಲಬೇಕಾದಲ್ಲಿ ತಲೆಯೊಳಗೆ ಕೊಳಲು ಶುರುವಾಯಿತು.

ಬೆವರು ಒರೆಸಿಕೊಂಡ. ಹೊಟ್ಟೆಯಿಂದ, ತಳದಿಂದ ಎಂದುಕೊಂಡು ಮತ್ತೆ ತೆರೆದ. ಮತ್ತೆ ಅದೇ. ನಮ್ಮ ಬಾವಿಗೆ ಬಿಟ್ಟ ಕೊಡ ಬೇರೆ ಯಾರದೋ ಬಾವಿಯ ನೀರು ತರುತ್ತಿತ್ತು. ನೀರು ಸಿಹಿಯಾಗಿಯೇ ಇತ್ತು. ಅಪ್ಪನ ಮುಖ ತಂದುಕೊಂಡ. ಬಂತು. ಕಂಬಳಿ ಬಂತು, ಕುರುಚಲು ಗಡ್ಡ ಬಂತು, ಬಾಯಿ ತೆರೆಯಿತು. ಅದರಿಂದಲೂ ಕೊಳಲು.

ಹೆದರಿಕೆಯಾದದ್ದು ಆಗ. ಎಷ್ಟು ಸಣ್ಣ ವಿಷಯಕ್ಕೆ ಹೆದರುತ್ತಿದ್ದೇನೆ ಎಂದು ನಗಲು ನೋಡಿದ. ನಾಳೆ ಬಂದೀತು ಎಂದುಕೊಂಡ. ನಾಳೆ ಬಾರದಿದ್ದರೆ ಎನ್ನುವುದೂ ಅದರ ಬೆನ್ನಿಗೇ ಬಂತು. ಆಗ ನೆನಪಾಯಿತು, ಅಕ್ಕನಿಗೆ ಗೊತ್ತಲ್ಲ. ಬೈಠಕ್ಕಿಗೆಂದು ಅಕ್ಕ ಇವತ್ತು ಬರುತ್ತಾಳೆ. ಒಂದು ಸಲ ಕೂಗಿದರೆ ಸಾಕು.

ಗಂಗಕ್ಕ ಆದಿವಾಲದಿಂದ ಹಿರಿಯೂರಿಗೆ ಬಂದು, ಹಿರಿಯೂರಲ್ಲಿ ಬಸ್ಸು ಬದಲಿಸಿ, ಊಟದ ಹೊತ್ತಿಗೆ ದುರ್ಗದಲ್ಲಿ ಇಳಿದಳು. ಕೈಯಲ್ಲಿ ಬಟ್ಟೆಯ ಚೀಲ. "ಹುರಿದ ಶೇಂಗಾ ಐತೆ, ತಿಂತಿಯಾ? ಅಯ್ಯೋ, ಎಷ್ಟ್ ಬಡವಾಗಿದೀಯ ಲೇ. ಕಾಲೇಜಲ್ಲಿ ಪಾಠ ಹೇಳ್ತೀಯೋ ಕಲ್ಲು ಹೊರ್ತೀಯೋ?"

"ಬಾ ಅಕ್ಕ, ಮೊದ್ಲು ಉಣ್ಣಾಣ."

ಬಸ್‌ಸ್ಟ್ಯಾಂಡ್ ಹಿಂದಿನ ಖಾನಾವಳಿಯಲ್ಲಿ ಮುದ್ದೆ ಮುರಿಯುತ್ತ ಅವಳು ಊರ ಸುದ್ದಿ ಹೇಳಿದಳು. ಸೊಸೆ ಬಸುರಿ. ಬೋರಿನಲ್ಲಿ ನೀರು ಪರವಾಗಿಲ್ಲ. ಹನುಮಂತಪ್ಪನ ಮನೆಯವರು ಜಗುಲಿ ಒತ್ತರಿಸಿ ಕಟ್ಟಿದ್ದಾರೆ. ಪ್ರಭುಲಿಂಗ ಹೂಂಗುಟ್ಟುತ್ತ ಜಾಗ ಹುಡುಕಿದ. ಮಾತು ತೂರಿಸಲು ಜಾಗ ಸಿಗುತ್ತಿರಲಿಲ್ಲ.

"ಅಕ್ಕ, ಅಪ್ಪ ಕುರಿ ಕರೀತಿದ್ನಲ್ಲ."

"ಹೂಂ."

"ಹೆಂಗ್ ಕರೀತಿದ್ದ?"

ಗಂಗಕ್ಕ ತುತ್ತು ನುಂಗಿದಳು. "ಇದೇನ್ ಕೇಳ್ತೀಯೋ. ನಿಂಗ್ ಗೊತ್ತಿಲ್ವಾ?"

"ಗೊತ್ತು. ಸುಮ್ನೆ. ಒಂದ್ಸಲ ಅನ್ನು ನೋಡಾಣ."

"ಇಲ್ಲೇನಾ? ಉಂಬೋ ಹೊತ್ನಾಗಾ?" ನಕ್ಕಳು. "ಖಾನಾವಳಿಯೋನು ಕುರಿ ಬಂದ್ವು ಅಂತ ಬಾಗ್ಲು ಹಾಕ್ಯಂತಾನೆ."

"ಆಮೇಲೆ ಹೊರಗೆ ಬಂದಾಗ..."

"ಕೊಟ್ಟಾಗೈತಲ್ಲೋ ಅದು." ನಗು ಹೋಗಿತ್ತು, ಸಿಟ್ಟೇನೂ ಬಂದಿರಲಿಲ್ಲ. ಬಾಗಿಲಿಗೆ ಬೀಗ ಹಾಕಿದೆಯಲ್ಲ ಎಂದು ಹೇಳುವ ದನಿ. "ಕೊಟ್ಟದ್ದನ್ನ ಬಾಯಾಗೆ ಇಟ್ಕಬಾರ್ದು. ಮಜ್ಜಿಗೆ ಹಾಕಿಸ್ಕ."

ಮಜ್ಜಿಗೆ ಹಾಕಿಸಿಕೊಂಡ. ಅನ್ನ ಕಲಸುತ್ತ, "ಓಬಯ್ಯನ ಹತ್ರ ಇರಬೇಕಲ್ಲ ಈಗ," ಎಂದ.

"ಏನು, ಕುರಿಯಾ? ಅವ್ನೆಲ್ಲಿ ಇಟ್ಕಂಡ. ಒಂದೊಂದೇ ಕಟುಕರಿಗೆ ಹಾಕಿ ಲಗೇಜ್ ಆಟೋ ತಗಂಡವ್ನೆ. ಮೊನ್ನೆ ನಮ್ ಶೇಂಗಾ ಮೂಟೆ ಅವನೇ ಹಾಕ್ಕಂಡ್ ಹೋಗಿದ್ದು. ಪಾಪ, ಬಾಡಿಗೆ ಬೇಡ ಅಂದ."

"ಕೂಗು ಯಾರಿಗೆ ಕೊಟ್ಟ?"

"ಕಟುಕನಿಗ್ಯಾಕೋ ಕೂಗು?" ಎಂದು ಗಂಗಕ್ಕ ಕೈ ತೊಳೆಯಲು ಎದ್ದಳು.

ಬಿಸಿಲು ಸ್ವಲ್ಪ ಬಾಗುತ್ತಿದ್ದಂತೆ ಹಾಲು ತುಂಬಿತು. ತುಂಬಿತು ಎಂದರೆ ಐವತ್ತು ಅರವತ್ತು ಜನ. ಡಾಕ್ಟರು, ವಕೀಲರು, ನಿವೃತ್ತ ಮೇಷ್ಟ್ರುಗಳು, ಅವರ ಹೆಂಡಂದಿರು. ಶಾಮಿಯಾನದವರ ಕುರ್ಚಿಗಳಿಗೆ ಮದುವೆ ಮನೆಯ ಹಾಗೆ ಬಿಳಿ ಗವಸು ಹಾಕಿದ್ದರು. ಗಂಗಕ್ಕನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಿವಕುಮಾರಪ್ಪ ಕೈಮುಗಿದರು. "ಬರ್ರಿ ತಾಯಿ, ಕುಂತ್ಕಳ್ರಿ. ಕವಿಯ ಅಕ್ಕ ಅಂದ್ರೆ ನಮಗೂ ಅಕ್ಕನೇ." ಗಂಗಕ್ಕ ಗವಸನ್ನು ಮುಟ್ಟಿ ನೋಡಿ, ಸೀರೆಯಲ್ಲಿ ಧೂಳಿದೆಯೇನೋ ಎಂದು ತುದಿಯಲ್ಲಿ ಕೂತಳು.

ಪ್ರಭುಲಿಂಗ ಪಕ್ಕದಲ್ಲಿ ಕೂತ. ಎಷ್ಟು ಹೊತ್ತಿಗೆ ಮುಗೀತೈತೆ ಎಂದಳು. ಆರು ಗಂಟೆಯ ಬಸ್ಸು ಸಿಗುತ್ತದೆ ಎಂದ. "ಎಮ್ಮೆ ನನ್ನ ಕೈಗಲ್ದೆ ಹಾಲು ಕೊಡಲ್ಲ ಕಣೋ," ಎಂದು ಚೀಲದಿಂದ ಶೇಂಗಾ ತೆಗೆದು ಸದ್ದಾಗದಂತೆ ಸಿಪ್ಪೆ ಒಡೆಯತೊಡಗಿದಳು. ಸದ್ದಾಗುತ್ತಿತ್ತು.

ಬೇರೆ ಪದ್ಯಗಳು ಮೊದಲು ಹೋದವು. ಯಾರೋ ತಲೆದೂಗಿದರು, ಯಾರೋ ಆಕಳಿಸಿದರು. ಆಮೇಲೆ ಕಡೆಯದು. ಸುಮಾ ಶುರು ಮಾಡುವ ಮುಂಚೆ ಶಿವಕುಮಾರಪ್ಪ ಎದ್ದು, "ಇದರಲ್ಲೊಂದು ಕೂಗು ಬರ್ತೈತೆ. ಅದು ಬಂದಾಗ ಎಲ್ಲಾರೂ ದನಿಗೂಡಿಸ್ರಿ. ಸಂಕೋಚ ಬ್ಯಾಡ," ಎಂದರು.

ಪ್ರಭುಲಿಂಗನಿಗೆ ಹಾಡು ಬೇಕಿರಲಿಲ್ಲ. ಅಕ್ಕನ ಮುಖ ಬೇಕಿತ್ತು. ಅವಳು ಗುರುತು ಹಿಡಿಯುತ್ತಾಳೆ. ಹಿಡಿದು ಸಿಟ್ಟಾಗುತ್ತಾಳೆ, ಕೊಟ್ಟದ್ದನ್ನು ಮತ್ತೆ ಯಾಕೆ ಹರಾಜಿಗಿಟ್ಟೆ ಎನ್ನುತ್ತಾಳೆ. ಇದಲ್ಲ ಕಣೋ ಅಪ್ಪಂದು ಎಂದು ಬಾಯಿ ತಪ್ಪಿ ಒಂದು ಸಲ ಕೂಗಿಯೇ ಬಿಡುತ್ತಾಳೆ. ಬೈಗುಳಕ್ಕೆ ಅವನು ಸಿದ್ಧನಾಗಿ ಕೂತಿದ್ದ. ಬೈಗುಳದ ಹಿಂದೆ ಅದು ಬಂದರೆ ಸಾಕು.

ಕೂಗು ಬಂತು. ಸುಮಾಳ ಗಂಟಲು ಅದನ್ನು ಎತ್ತಿ ಮಾಡಿನವರೆಗೆ ಹೊತ್ತೊಯ್ದು ಕೊಳಲಿನ ಕೈಗಿಟ್ಟಿತು. ಎರಡನೆಯ ಸಲ ಮುಂದಿನ ಸಾಲು ದನಿಗೂಡಿಸಿತು. ಮೂರನೆಯ ಸಲ ಹಾಲಿಗೆ ಹಾಲೇ. ಡಾಕ್ಟರು ಕಣ್ಣು ಮುಚ್ಚಿ ಕೂಗಿದರು. ವಕೀಲರು ತೊಡೆ ತಟ್ಟಿದರು. ಬಾವ್ವಾ ಬಾ, ಬಾವ್ವಾ ಬಾ. ಒಬ್ಬರ ದನಿಯೂ ಎಲ್ಲಿಯೂ ನಿಲ್ಲಲಿಲ್ಲ, ಯಾವುದಕ್ಕೂ ಕಾಯಲಿಲ್ಲ.

ಗಂಗಕ್ಕ ಶೇಂಗಾ ಬಿಟ್ಟು ಕೇಳುತ್ತಿದ್ದಳು. ಮುಖ ಅರಳಿತ್ತು. ಚಪ್ಪಾಳೆಯ ನಡುವೆ ಅವನ ಕಿವಿಗೆ ಬಾಗಿದಳು.

"ಚೆನ್ನಾಗೈತೆ ಕಣೋ. ಯಾರ ಮನೆ ಕೂಗು ಅದು?"

ಅವನು ಅವಳ ಮುಖವನ್ನೇ ನೋಡಿದ. ಅಣಕವಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಶೇಂಗಾದ ಸಿಪ್ಪೆ ಇತ್ತು.

"ಯಾರದೂ ಅಲ್ಲ ಅಕ್ಕ," ಎಂದ. "ಸುಮ್ನೆ ಬರೆದದ್ದು."

"ಅಂಗೇ ಅನ್ಕಂಡೆ. ಇಷ್ಟು ಇಂಪಾಗಿ ಕೂಗಿದ್ರೆ ಕುರಿ ಮಲಗಿಬಿಡ್ತಾವೆ."

ಶಾಲು ಹೊದಿಸಿದರು. ಎರಡು ಮಾತು ಆಡಿ ಎಂದರು. ಪ್ರಭುಲಿಂಗ ನಿಂತು, ಕವಿತೆಗೆ ರೆಕ್ಕೆ ಬಂತು, ಋಣಿ ಎಂದ. ಇನ್ನೂ ಏನೋ ಅಂದ. ಅವು ಎಲ್ಲೆಡೆ ಸಲ್ಲುವ ಮಾತುಗಳು, ಅವನ ಬಾಯಿಗೆ ಚೆನ್ನಾಗಿ ಪಳಗಿದ್ದವು. ಸುಮಾ ಹತ್ತಿರ ಬಂದು, "ಬೆಳಿಗ್ಗೆ ನೀವು ಏನೋ ಹೇಳ್ಬೇಕು ಅಂತಿದ್ರಿ ಅನ್ನಿಸ್ತು ಸರ್," ಎಂದಳು. "ಇಲ್ವಲ್ಲ," ಎಂದ.

ಬಸ್‌ಸ್ಟ್ಯಾಂಡಿಗೆ ಇಬ್ಬರೂ ನಡೆದು ಹೋದರು. ಡಾಂಬರು ಮೆತ್ತಗಾಗಿ ಚಪ್ಪಲಿಗೆ ಹಿಡಿಯುತ್ತಿತ್ತು. ಹಿರಿಯೂರಿನ ಬಸ್ಸು ಆಗಲೇ ಗುರುಗುಟ್ಟುತ್ತ ನಿಂತಿತ್ತು. ಗಂಗಕ್ಕ ಕಿಟಕಿಯ ಬದಿ ಸೀಟು ಹಿಡಿದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

ಕಿಟಕಿಯ ಕೆಳಗೆ ನಿಂತು ಪ್ರಭುಲಿಂಗ ಕಂಬಿ ಹಿಡಿದುಕೊಂಡ. "ಅಕ್ಕ."

"ಏನೋ?"

"ಒಂದ್ಸಲ ಕೂಗೇ. ಮೆಲ್ಲಗೆ. ನಂಗೊಬ್ಬನಿಗೆ ಕೇಳೋ ಹಂಗೆ."

"ಮತ್ತೆ ಅದೇನಾ? ಏನಾಗೈತೆ ನಿಂಗೆ?"

"ನಂಗೆ ನೆನಪಿಗೆ ಬರ್ತಿಲ್ಲ."

ಅಷ್ಟು ಹೇಳಲು ಅವನಿಗೆ ಬೆಳಗಿನಿಂದ ಬೇಕಾಗಿತ್ತು. ಗಂಗಕ್ಕ ಅವನ ಮುಖ ನೋಡಿದಳು. ಚೀಲದ ಬಾಯಿ ಬಿಗಿದಳು, ಸಡಿಲಿಸಿದಳು, ಮತ್ತೆ ಬಿಗಿದಳು. ಸುತ್ತ ನೋಡಿದಳು. ಪಕ್ಕದ ಸೀಟಿನಲ್ಲಿ ಯಾರೋ ಮೊಬೈಲಿನಲ್ಲಿ ಕ್ರಿಕೆಟ್ಟು ನೋಡುತ್ತಿದ್ದರು. ಅವಳ ಗಂಟಲಿನ ನರ ಒಮ್ಮೆ ಎದ್ದಿತು. ಎದ್ದಿತೆಂದು ಅವನಿಗೆ ಕಂಡಿತು. ತುಟಿ ತುಸು ತೆರೆಯಿತು.

ಡ್ರೈವರ್ ಹಾರನ್ ಒತ್ತಿದ.

ಹಾರನ್ ನಿಂತಾಗ ಅವಳ ಬಾಯಿ ಮುಚ್ಚಿತ್ತು. "ಹೋಗ್ಲಿ ಬಿಡಪ್ಪ," ಎಂದಳು, ಅವನ ಕಡೆ ನೋಡದೆ. "ಹೊತ್ತಿಗೆ ಸರಿಯಾಗಿ ಉಣ್ಣು. ಸುಚಿತ್ರಾನ್ನ ಕರ್ಕಂಡ್ ಬಾ ಒಂದ್ಸಲ." ಕೂಗು ಬರಲಿಲ್ಲವೋ, ಒಲ್ಲೆ ಎಂದಳೋ. ಕೂಗಿಯೇ ಇದ್ದು ಹಾರನ್ನಿನಡಿ ಸಿಕ್ಕಿ ಹೋಯಿತೋ. ಬಸ್ಸು ಹೊರಳಿತು. ಕಿಟಕಿಯಿಂದ ಒಂದು ಕೈ ಹೊರಬಂದು ಒಂದಿಷ್ಟು ಶೇಂಗಾ ಅವನ ಅಂಗೈಗೆ ಸುರಿಯಿತು. ಅರ್ಧ ಕೆಳಗೆ ಬಿದ್ದವು.

ಹೊಸದುರ್ಗದ ಬಸ್ಸು ಹತ್ತಬೇಕು. ಕೈಚೀಲ ಹಾಲಿನಲ್ಲೇ ಉಳಿದದ್ದು ಆಗ ನೆನಪಾಯಿತು. ಹೆಗಲ ಮೇಲೆ ಶಾಲು ಹಾಗೇ ಇತ್ತು. ದಾರಿಯಲ್ಲಿ ಯಾರೋ ಸ್ಕೂಟರಿನವರು ಬಾವ್ವಾ ಬಾ ಎಂದು ಗುನುಗುತ್ತ ಹೋದರು. ಬೈಠಕ್ಕಿಗೆ ಬಂದಿದ್ದವರಿರಬೇಕು. ಇವನನ್ನು ಗುರುತಿಸಲಿಲ್ಲ.

ಶಿವಕುಮಾರಪ್ಪನವರ ಹಿತ್ತಲಿಗೆ ಬರುವ ಹೊತ್ತಿಗೆ ಸೂರ್ಯ ಬಂಡೆಗಳ ಹಿಂದೆ ಇಳಿದಿದ್ದ. ಹಾಲಿಗೆ ಬೀಗ. ಒಳಮನೆಯಲ್ಲಿ ಎಲ್ಲರೂ ಊಟಕ್ಕೋ ಹರಟೆಗೋ ಕೂತಂತಿತ್ತು, ನಗು ಕೇಳಿಸುತ್ತಿತ್ತು, ಜಯಕುಮಾರನ ದನಿಯೂ ಇತ್ತು. ಹೋಗಿ ಬಾಗಿಲು ತಟ್ಟಬಹುದಿತ್ತು. ಕುಂತ್ಕಳ್ರಿ ಎನ್ನುತ್ತಿದ್ದರು.

ಹಿತ್ತಲ ಹೊಂಗೆ ಮರದ ಕೆಳಗೆ ಕುರ್ಚಿಗಳನ್ನು ತಂದು ಗುಂಪು ಹಾಕಿದ್ದರು. ಗವಸು ಕಳಚಿರಲಿಲ್ಲ. ಮಬ್ಬಿನಲ್ಲಿ ಒಂದಕ್ಕೊಂದು ಮೈ ಒತ್ತಿಕೊಂಡು, ಒಂದರ ಬೆನ್ನಿಗೊಂದು ಮುಖವಿಟ್ಟು, ಬೆಳ್ಳಗೆ ನಿಂತಿದ್ದವು. ಅಪ್ಪ ಬೀಡಿ ಹಚ್ಚುವ ಮುಂಚೆ ರೊಪ್ಪದ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸುತ್ತಿದ್ದ ಹೊತ್ತು ಅದು.

ಪ್ರಭುಲಿಂಗ ಶಾಲು ತೆಗೆದು ಗೋಡೆಯ ಮೇಲಿಟ್ಟ. ಯಾರೂ ನೋಡುತ್ತಿರಲಿಲ್ಲ. ನೋಡಿದರೂ ಆಗಲಿ ಎಂದು, ಹುಟ್ಟಿದ ಮೇಲೆ ಮೊದಲ ಸಲ, ಬಾಯಿ ದೊಡ್ಡದು ಮಾಡಿ ಕೂಗಿದ.

ಮೊದಲರ್ಧ. ದನಿ ಒಡೆದು ಒರಟಾಗಿ ಬಂತು. ಅಪ್ಪನದೋ, ಸುಮಾಳದೋ, ಯಾರದೂ ಅಲ್ಲದ್ದೋ ತಿಳಿಯಲಿಲ್ಲ. ಒಳಗಿನ ನಗು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ನಿಂತು ಕಾಯ್ದ. ಈ ಸಲ ಕೊಳಲು ಬರಲಿಲ್ಲ. ಏನೂ ಬರಲಿಲ್ಲ. ಬಂಡೆಗಳ ಕಡೆಯಿಂದ ಬಿಸಿಗಾಳಿ ಇಳಿದು ಬಿಳಿ ಗವಸುಗಳ ಅಂಚು ಅಲ್ಲಾಡಿಸಿತು, ಬಿಟ್ಟಿತು. ಉಳಿದರ್ಧ ಅವನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಯಾವುದೂ ಓಗೊಡದೆ ಅದನ್ನು ಕೂಗುವಂತಿಲ್ಲ.

ಗೇಟಿನ ಹೊರಗಿಂದ ಲಗೇಜ್ ಆಟೋವೊಂದು ಹಿಂದಕ್ಕೆ ಸರಿಯುತ್ತ ಹಿತ್ತಲಿಗೆ ಬಂತು. ಶಾಮಿಯಾನದವರಿಬ್ಬರು ಇಳಿದರು. ಒಬ್ಬ ಮೇಲೆ ಹತ್ತಿ ನಿಂತ. ಇನ್ನೊಬ್ಬ ಗುಂಪಿನ ಅಂಚಿನ ಕುರ್ಚಿಯ ಹಿಂಗಾಲು ಹಿಡಿದೆಳೆದು ಮೇಲಕ್ಕೆಸೆದ. ಆಮೇಲೆ ಅದರ ಪಕ್ಕದ್ದು.

ಪ್ರಭುಲಿಂಗ ಬಾಯಿ ತೆರೆದುಕೊಂಡೇ ನಿಂತಿದ್ದ.